ಹೇಳದಿದ್ದರೆ ಇಂಟ್

ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ ತನ್ನ ಶಿಲ್ಪದ ಕೆಳಗೆ ಹೆಸರು, ಊರು ಕೆತ್ತಿದ್ದಾನೆ. ಹೆಸರಿಲ್ಲದ ಶಿಲ್ಪ ಯಾರದೆಂದು ನಾವೇ ಊಹಿಸಬೇಕು. ಸಿ ಭಾಷೆಯೂ ಬಹುಕಾಲ ಊಹಿಸುತ್ತಿತ್ತು, ಅದೂ ಒಂದೇ ಊಹೆ.

ಅರಸೀಕೆರೆಯ ಮನೆಯಲ್ಲಿ ಕೂತು ಬರೆದ ನನ್ನ ಪ್ರೋಗ್ರಾಂ ‘3.5’ ಎಂಬ ಅಕ್ಷರಸಾಲನ್ನು ಸಂಖ್ಯೆಯಾಗಿಸಬೇಕಿತ್ತು. ಬಂದದ್ದು ಇನ್ನೇನೋ. ಸ್ಟ್ಯಾಂಡರ್ಡ್ ಲೈಬ್ರರಿಯ ಹೆಡರ್ ಸೇರಿಸಲು ಮರೆತಿದ್ದೆ. ಫಂಕ್ಷನ್ ಉತ್ತರವನ್ನು ದಶಮಾಂಶಗಳ ರಿಜಿಸ್ಟರ್‌ನಲ್ಲಿ ಇಟ್ಟಿತ್ತು. ಪ್ರೋಗ್ರಾಂ ಪೂರ್ಣಾಂಕಗಳ ರಿಜಿಸ್ಟರ್‌ಗೆ ಕೈಹಾಕಿ, ಅಲ್ಲಿ ಬಿದ್ದಿದ್ದ ಕಸವನ್ನೇ ಎತ್ತಿಕೊಂಡಿತ್ತು.

ಈ ಚಾಳಿ ಬಂದದ್ದು ಬಿ ಭಾಷೆಯಿಂದ. 1969ರ ಸುಮಾರಿಗೆ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಕಟ್ಟಿದ ಬಿಯಲ್ಲಿ ಟೈಪುಗಳೇ ಇರಲಿಲ್ಲ. ಎಲ್ಲವೂ ಒಂದೇ ಅಳತೆಯ ವರ್ಡ್. ಡೆನಿಸ್ ರಿಚಿ ಅದನ್ನು ಸಿ ಆಗಿ ಬೆಳೆಸಿದಾಗ ಟೈಪುಗಳು ಬಂದವು, ಹಳೆಯ ಧಾರಾಳತನವೂ ಉಳಿಯಿತು: ಘೋಷಿಸದ ಫಂಕ್ಷನ್ ಇಂಟ್ ಕೊಡುತ್ತದೆಂದೇ ಲೆಕ್ಕ. 1989ರ ಸ್ಟ್ಯಾಂಡರ್ಡ್ ಕೂಡ ಒಪ್ಪಿತು. ಇಂಟ್, ಪಾಯಿಂಟರ್ ಒಂದೇ ಅಗಲವಿದ್ದ ಯಂತ್ರಗಳಲ್ಲಿ ಹೇಗೋ ನಡೆಯಿತು. 64 ಬಿಟ್ ಬಂದಮೇಲೆ ಮ್ಯಾಲಾಕ್ ಕೊಟ್ಟ ವಿಳಾಸದ ಅರ್ಧವೇ ಕತ್ತರಿಸಿಹೋಗತೊಡಗಿತು.

1999ರ ಸ್ಟ್ಯಾಂಡರ್ಡ್ ಇದನ್ನು ಕಿತ್ತುಹಾಕಿತು. ಆದರೂ ಜಿಸಿಸಿ ಕಂಪೈಲರ್ ಎಚ್ಚರಿಕೆ ಕೊಟ್ಟು ಸುಮ್ಮನಾಗುತ್ತಿತ್ತು. ಅದನ್ನು ದೋಷವೆಂದು ತಡೆದದ್ದು 2024ರ 14ನೇ ಆವೃತ್ತಿಯಲ್ಲಿ. ಹಳೆಯ ಕೋಡಿನ ಮೇಲಿನ ಮರುಕ ಸರಿ, ಇಪ್ಪತ್ತೈದು ವರ್ಷ ಅತಿಯಾಯಿತು. ಹಾಗೆನ್ನಲು ನನಗೇನು ಹಕ್ಕಿದೆಯೋ! ಆ ಎಚ್ಚರಿಕೆ ಅಂದು ನನ್ನ ಪರದೆಯ ಮೇಲೂ ಬಂದಿತ್ತು, ಓದಿರಲಿಲ್ಲ.