ಜನಪದನಿವೇಶದಲ್ಲಿ ಭೂಪರೀಕ್ಷೆ

ಹೊಸದಾಗಿ ಒಂದು ನಾಡಿನಲ್ಲಿ ನೆಲಸಿ ಒಕ್ಕಲುತನವನ್ನು ಆರಂಭಿಸತಕ್ಕವರು ಆ ನಾಡಿನ ಗುಣದೋಷಗಳನ್ನು ಯಾವ ಮಾನದಿಂದ ಅಳೆಯಬೇಕು? ನಮ್ಮ ಪೂರ್ವಿಕರು ಈ ಪ್ರಶ್ನೆಯನ್ನು ಶಾಸ್ತ್ರೀಯವಾಗಿಯೇ ವಿಚಾರಿಸಿದ್ದರೆಂಬುದಕ್ಕೆ ಎರಡು ಪ್ರಬಲವಾದ ಆಧಾರಗಳಿವೆ. ಒಂದು, ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಮೈಸೂರಿನಿಂದ ಪ್ರಕಟಪಡಿಸಿದ ಕೌಟಲೀಯ ಅರ್ಥಶಾಸ್ತ್ರ. ಮತ್ತೊಂದು, ವಿಜಯನಗರದ ಒಂದನೆಯ ಬುಕ್ಕರಾಯನ ಮಗನಾದ ಭಾಸ್ಕರನು ಶಕವರ್ಷ ೧೨೯೧ರಲ್ಲಿ, ಎಂದರೆ ಕ್ರಿ.ಶ. ೧೩೬೯ರಲ್ಲಿ, ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಹಾಕಿಸಿದ ಸಂಸ್ಕೃತ ಶಿಲಾಶಾಸನ. ಅರ್ಥಶಾಸ್ತ್ರದ ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಮತಭೇದವಿದ್ದರೂ ಈ ಎರಡರ ನಡುವೆ ಸಾವಿರ ವರ್ಷಕ್ಕೆ ಕಡಮೆಯಿಲ್ಲದ ಅಂತರವಿರುವುದು ನಿರ್ವಿವಾದ. ಆದಾಗ್ಯೂ ಮುಖ್ಯವಾದ ಅಂಶದಲ್ಲಿ ಎರಡೂ ಒಂದೇ ಮಾತನ್ನು ಹೇಳುತ್ತವೆ.

ಅರ್ಥಶಾಸ್ತ್ರದ ಎರಡನೆಯ ಅಧಿಕರಣವು ಜನಪದನಿವೇಶದಿಂದಲೇ ಆರಂಭವಾಗುತ್ತದೆ. ಹಿಂದೆ ಜನರಿದ್ದು ಹಾಳಾದ ಭೂಮಿಯಲ್ಲಾಗಲಿ, ಎಂದೂ ಜನವಸತಿಯಿಲ್ಲದ ಭೂಮಿಯಲ್ಲಾಗಲಿ, ನೂರಕ್ಕೆ ಕಡಮೆಯಿಲ್ಲದೆ ಐನೂರಕ್ಕೆ ಮೀರದೆ ಕುಲಗಳುಳ್ಳ ಗ್ರಾಮಗಳನ್ನು ಒಂದಕ್ಕೊಂದು ರಕ್ಷಣೆಯಾಗುವಂತೆ ಕ್ರೋಶ ಎರಡು ಕ್ರೋಶಗಳ ಎಲ್ಲೆಯಲ್ಲಿ ನೆಲೆಗೊಳಿಸಬೇಕೆಂದು ಅಲ್ಲಿ ವಿಧಿಸಿದೆ. ಆದರೆ ಭೂಮಿಭೂಮಿಗಳ ತಾರತಮ್ಯವನ್ನು ತಿಳಿಯಬೇಕಾದರೆ ಏಳನೆಯ ಅಧಿಕರಣದ ಅನವಸಿತಸಂಧಿಪ್ರಕರಣವನ್ನು ನೋಡತಕ್ಕದ್ದು. ವಿಸ್ತಾರವಾದ ಬೆದ್ದಲು ಲೇಸೋ, ಅಲ್ಪವಾದ ನೀರಾವರಿಯ ನೆಲ ಲೇಸೋ ಎಂಬ ಸಂಶಯವನ್ನು ಎತ್ತಿ, ಫಲವು ನಿರಂತರವಾಗಿಯೂ ನಿಶ್ಚಿತವಾಗಿಯೂ ಬರುವುದರಿಂದ ಅಲ್ಪವಾದರೂ ನೀರುಳ್ಳ ನೆಲವೇ ಲೇಸೆಂದು ಗ್ರಂಥಕಾರನು ನಿರ್ಣಯಿಸಿರುವನು. ಬೆದ್ದಲುಗಳಲ್ಲಿಯೂ ಮುಂಗಾರು ಹಿಂಗಾರು ಪೈರುಗಳೆರಡಕ್ಕೂ ಒದಗಿ ಸ್ವಲ್ಪ ಮಳೆಯಿಂದಲೇ ಬೆಳೆಯುವುದು ಉತ್ತಮವಾದುದು. ಇನ್ನು ದುರ್ಗದ ಬಲವುಳ್ಳ ನೆಲ, ಜನಬಲವುಳ್ಳ ನೆಲ, ಇವುಗಳಲ್ಲಿ ಎರಡನೆಯದೇ ಶ್ರೇಷ್ಠ. ಜನರಿಲ್ಲದ ನೆಲವನ್ನು ಅವನು ಗೊಡ್ಡುಹಸುವಿಗೆ ಹೋಲಿಸುತ್ತಾನೆ.

ಭೂಮಿಯು ಉತ್ತಮವಾದರೂ ಅದರಲ್ಲಿ ದುಡಿದವನಿಗೆ ಅದು ಉಳಿಯುವುದೆಂಬ ಭರವಸೆ ಏನು? ಸಿದ್ಧವಾದ ಕ್ಷೇತ್ರಗಳನ್ನು ಕರ ಕೊಡುವವರಿಗೆ ಒಂದು ಪುರುಷಾಯುಷದ ಮಟ್ಟಿಗೆ ಕೊಡಬೇಕೆಂಬ ವಿಧಿಯನ್ನು ಮಾತ್ರ ಹಿಡಿದು ಒಕ್ಕಲಿಗನಿಗೆ ನೆಲದಲ್ಲಿ ಸ್ಥಿರವಾದ ಹಕ್ಕೇ ಇರಲಿಲ್ಲವೆಂದು ಹೇಳುವುದುಂಟು. ಇದು ಯುಕ್ತವಾಗಿ ತೋರುವುದಿಲ್ಲ. ಅದರ ಬೆನ್ನಿನಲ್ಲಿಯೇ, ಹದಗೊಳ್ಳದ ನೆಲವನ್ನು ಹದಮಾಡಿಕೊಂಡವರಿಂದ ಅದನ್ನು ಕಿತ್ತುಕೊಳ್ಳಲಾಗದೆಂಬ ನಿಷೇಧವಿದೆ. ಉಳದವನಿಂದ ತೆಗೆದು ಮತ್ತೊಬ್ಬನಿಗೆ ಕೊಡಬೇಕೆಂಬ ವಿಧಿಯೂ ಇದೆ. ಆದುದರಿಂದ ರಾಜನ ವ್ಯಯದಿಂದ ಸಿದ್ಧವಾದ ನೆಲ ಬೇರೆ, ಒಕ್ಕಲಿಗನ ಬೆವರಿನಿಂದ ಸಿದ್ಧವಾದ ನೆಲ ಬೇರೆ ಎಂದು ವಿಭಾಗಿಸಿಯೇ ಅರ್ಥಮಾಡಬೇಕು. ಬಿತ್ತ, ಎತ್ತು, ಹಣಗಳನ್ನು ಮೊದಲು ಒದಗಿಸಿ, ಅವನ್ನು ಒಕ್ಕಲಿಗನು ಅನುಕೂಲದಂತೆ ಹಿಂದಿರುಗಿಸಲಿ ಎಂದಿರುವುದೂ, ಮೂರನೆಯ ಅಧಿಕರಣದಲ್ಲಿ ಹೊಸ ಕೆರೆಕಟ್ಟೆಗಳಿಗೆ ಐದು ವರ್ಷ, ಒಡೆದು ಪಾಳುಬಿದ್ದವನ್ನು ಸರಿಪಡಿಸಿದರೆ ನಾಲ್ಕು ವರ್ಷ ಕರಪರಿಹಾರವನ್ನು ವಿಧಿಸಿರುವುದೂ ಈ ಅರ್ಥವನ್ನೇ ಬಲಪಡಿಸುತ್ತವೆ.

ಶಾಸ್ತ್ರದ ಈ ಮಾತು ಆಚರಣೆಯಲ್ಲಿ ಹೇಗಿತ್ತೆಂಬುದನ್ನು ಪೋರುಮಾಮಿಳ್ಳದ ಶಾಸನವು ತೋರಿಸುತ್ತದೆ. ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಅದು ಎಣಿಸಿದೆ. ಕಟ್ಟೆಯಿಂದ ನೀರು ಜಿನುಗುವುದು, ಚೌಳುನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ನಡುವೆ ದಿಬ್ಬವಿರುವುದು, ಇವು ನಾಲ್ಕು ದೋಷಗಳು. ನೀರು ಅಲ್ಪವಾಗಿ ನೆಲ ಅಧಿಕವಾಗಿರುವುದು, ನೆಲ ಅಲ್ಪವಾಗಿ ನೀರು ಅಧಿಕವಾಗಿರುವುದು, ಇವು ಉಳಿದೆರಡು. ನೆಲಕ್ಕೂ ನೀರಿಗೂ ಪ್ರಮಾಣವು ಹೊಂದಬೇಕೆಂಬ ಈ ಕೊನೆಯ ವಿವೇಕವೇ ಇಲ್ಲಿ ವಿಶೇಷವಾಗಿ ಗಮನಿಸತಕ್ಕದ್ದು. ಆ ಕೆರೆಯ ಕೆಲಸದಲ್ಲಿ ಎರಡು ವರ್ಷಗಳ ಕಾಲ ಸಾವಿರ ಜನ ಕೂಲಿಗಳೂ ನೂರು ಬಂಡಿಗಳೂ ತೊಡಗಿದ್ದುವೆಂದೂ ಶಾಸನವು ಹೇಳುತ್ತದೆ. ಕನ್ನಡ ನಾಡಿನ ಶಾಸನಗಳಲ್ಲಿ ಗಂಗರ ಕಾಲದಿಂದ ಕಾಣಬರುವ ಬಿತ್ತುವಟ್ಟ, ಮುಂದಿನ ಕಾಲದ ಕಟ್ಟುಗೊಡಗೆ, ದಶವಂದ ಮೊದಲಾದುವು ಕೆರೆ ಕಟ್ಟಿದವರಿಗೂ ಅದನ್ನು ಕಾಪಾಡಿದವರಿಗೂ ಸಂದ ಮಾನ್ಯಗಳು. ನೀರನ್ನು ತಂದವನಿಗೆ ನೆಲದಲ್ಲಿ ಭಾಗವುಂಟೆಂಬ ನ್ಯಾಯವೇ ಅವುಗಳ ಮೂಲವೆಂದು ತೋರುತ್ತದೆ.

ಈ ಪ್ರಮಾಣವನ್ನು ಮರೆತರೆ ಆಗುವ ಅನರ್ಥಕ್ಕೆ ದೂರದೇಶದ ನಿದರ್ಶನವೊಂದುಂಟು. ಅಮೆರಿಕದ ಸಂಯುಕ್ತ ಸಂಸ್ಥಾನದವರು ೧೮೬೨ರ ಹೋಮ್‌ಸ್ಟೆಡ್ ಕಾಯಿದೆಯ ಪ್ರಕಾರ ಐದು ವರ್ಷ ನೆಲಸಿ ಸಾಗುಮಾಡಿದವನಿಗೆ ೧೬೦ ಎಕರೆಯವರೆಗೆ ನೆಲವನ್ನು ಕೊಟ್ಟರು. ದುಡಿದವನಿಗೆ ನೆಲವೆಂಬ ನ್ಯಾಯವು ಅಲ್ಲಿಯೂ ಇತ್ತು. ಆದರೆ ಮಳೆ ಸಮೃದ್ಧವಾದ ಸೀಮೆಗೂ ಒಣಸೀಮೆಗೂ ಅಳತೆ ಒಂದೇ ಆಯಿತು. ಪಶ್ಚಿಮದ ಒಣ ಬಯಲುಗಳಲ್ಲಿ ಅನೇಕ ಕುಟುಂಬಗಳು ಬರದಿಂದ ನೊಂದು ನೆಲವನ್ನು ಬಿಟ್ಟುಹೋದುವು. ೧೯೦೯ರಲ್ಲಿ ಅಂತಹ ಸೀಮೆಗಳಿಗೆ ೩೨೦ ಎಕರೆಗಳನ್ನು ಗೊತ್ತುಮಾಡಿದರೂ ನೆಲ ಹೆಚ್ಚಿತೇ ಹೊರತು ನೀರು ಹೆಚ್ಚಲಿಲ್ಲ.

ಇದರಿಂದ ನೆಲದ ಯೋಗ್ಯತೆಯು ಅದರ ವಿಸ್ತಾರದಲ್ಲಿಲ್ಲ. ನೀರಿನ ನಿಶ್ಚಯದಲ್ಲಿಯೂ, ದುಡಿದವನಿಗೆ ದೊರೆಯುವ ಅಭಯದಲ್ಲಿಯೂ ಇದೆಯೆಂಬುದು ವ್ಯಕ್ತವಾಗುತ್ತದೆ. ಇವೆರಡರಲ್ಲಿ ಒಂದು ತಪ್ಪಿದರೂ ಮೊದಲು ಕೆಡುವುದು ರಾಜನ ಬೊಕ್ಕಸವಲ್ಲ, ಎತ್ತುಗಳನ್ನು ಹೊಡೆದುಕೊಂಡು ಬಂದ ಒಕ್ಕಲಿಗನ ಮನೆ.