ಆಡಿನ ಕಣ್ಣಲ್ಲಿರುವ ಚರಿತ್ರೆ

ರಾಜರ ಆನೆ-ಕುದುರೆಗಳಿಗೆ ಚರಿತ್ರೆಯುಂಟು. ನಮ್ಮ ಅವ್ವಂದಿರ ಆಡಿಗಿಲ್ಲ. ನಾವೇ ಬರೀಬೇಕು.

ಆಡಿನ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಜಂತುಹುಳುವಿಗೆ 1961ರಲ್ಲಿ ಥಯಾಬೆಂಡಜೋಲ್ ಬಂತು. 1964ಕ್ಕೇ ಅದಕ್ಕೆ ಜಗ್ಗದ ಹುಳು ಕಂಡವು. 1981ರಲ್ಲಿ ಐವರ್‌ಮೆಕ್ಟಿನ್ ಬಂತು. ಅದನ್ನು ಕಂಡುಹಿಡಿದವರಿಗೆ 2015ರಲ್ಲಿ ನೊಬೆಲ್ ಸಿಕ್ತು. ಹುಳು ಅದನ್ನೂ ಅರಗಿಸಿಕೊಂಡವು. ಯಾಕೆ? ಇಡೀ ಮಂದೆಗೆ ಮತ್ತೆ ಮತ್ತೆ, ತೂಕ ನೋಡದೆ ಮದ್ದು ಕುಡಿಸಿದ್ದಕ್ಕೆ. ಬಡಹುಳು ಸತ್ತವು, ಗಟ್ಟಿಹುಳುಗಳ ಸಂತಾನ ಬೆಳೀತು.

1990ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಫಾಫಾ ಮಲಾನ್ ಮತ್ತು ಜೊತೆಗಾರರು ಕಣ್ಣಿನ ಒಳರೆಪ್ಪೆಯ ಬಣ್ಣದ ಪಟ್ಟಿ ಮಾಡಿದರು. ಕೆಂಪಗಿದ್ದರೆ ಬಿಡಿ, ಬಿಳಿಚಿಕೊಂಡಿದ್ದರೆ ಅದಕ್ಕಷ್ಟೇ ಮದ್ದು ಕೊಡಿ. ಅಕ್ಷರ ಬಾರದವರೂ ನೋಡಬಲ್ಲ ಶಾಸ್ತ್ರ ಇದು.

ಗೆಳೆಯರೇ, ನಾಲ್ಕೇ ಆಡಿರುವ ಮನೇಲಿ ಒಂದು ಸತ್ತರೆ ಮಕ್ಕಳ ಫೀಜು ಸತ್ತಂತೆ. ಈ ತಿಳಿವನ್ನು ಕೇರಿಕೇರಿಗೂ ಮುಟ್ಟಿಸೋಣ.