ಗಿಟಾರಿನ ಒಡಲಲ್ಲಿ ಬ್ಯಾಟರಿಗೆ ಸಿಕ್ಕ ಜಾಗ

1954ರಲ್ಲಿ ಅಮೆರಿಕದ ಗಿಬ್ಸನ್ ಕಂಪನಿ ಮಾರುಕಟ್ಟೆಗೆ ತಂದ ಜೆ-160ಇ ಗಿಟಾರಿಗೆ ಬ್ಯಾಟರಿಯ ಹಂಗೇ ಇರಲಿಲ್ಲ. ಪೊಳ್ಳು ಒಡಲಿನ ಆ ಮರದ ವಾದ್ಯದಲ್ಲಿ ಬೆರಳುಹಲಗೆ ಮುಗಿಯುವ ಕಡೆ ಒಂದು ಅಯಸ್ಕಾಂತದ ಪಿಕಪ್, ಅಂದರೆ ಉಕ್ಕಿನ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ತಾಮ್ರದ ಸುರುಳಿ, ಇರುತ್ತಿತ್ತು. ಅದು ತಾನಾಗಿಯೇ ಹುಟ್ಟಿಸುತ್ತಿದ್ದ ವಿದ್ಯುತ್ತು ಕೇಬಲ್ಲಿನಲ್ಲಿ ಹರಿದು ಆಂಪ್ಲಿಫೈಯರನ್ನು ಮುಟ್ಟಲು ಸಾಕಾಗುತ್ತಿತ್ತು. 1962ರಲ್ಲಿ ಬೀಟಲ್ಸ್ ತಂಡದ ಜಾನ್ ಲೆನನ್ ಮತ್ತು ಜಾರ್ಜ್ ಹ್ಯಾರಿಸನ್ ಈ ಗಿಟಾರನ್ನು ಕೈಗೆತ್ತಿಕೊಂಡ ಮೇಲೆ ಅದರ ಹೆಸರು ದೂರದವರೆಗೆ ಹಬ್ಬಿತು. ಆದರೆ ಆ ಪಿಕಪ್ಪಿಗೆ ತಿಳಿಯುತ್ತಿದ್ದುದು ತಂತಿಯ ಅಲುಗಾಟ ಮಾತ್ರ. ಗಿಟಾರಿನ ನಾದಕ್ಕೆ ಮೈಯನ್ನು ಕೊಡುವ ಮೇಲ್ಹಲಗೆಯ ಕಂಪನ ಅದರ ಅರಿವಿಗೆ ಬಾರದೆ ಹೋದುದರಿಂದ, ಆಂಪ್ಲಿಫೈಯರಿನಿಂದ ಹೊರಬಂದ ಸ್ವರ ಘನ ಒಡಲಿನ ಎಲೆಕ್ಟ್ರಿಕ್ ಗಿಟಾರಿನದಕ್ಕೇ ಹೆಚ್ಚು ಹತ್ತಿರವಾಗಿತ್ತು.

ಮರದ ದನಿಯನ್ನೂ ಹಿಡಿಯಬೇಕೆಂಬ ಹಂಬಲಕ್ಕೆ ಉತ್ತರ ದೊರೆತದ್ದು ಬಹು ಹಿಂದಿನ ಒಂದು ಶೋಧದಲ್ಲಿ. ಕೆಲವು ಹರಳುಗಳನ್ನು ಒತ್ತಿದಾಗ ಅವುಗಳ ಮೇಲ್ಮೈಯಲ್ಲಿ ವಿದ್ಯುದಾವೇಶ ಮೂಡುತ್ತದೆಂಬುದನ್ನು 1880ರಲ್ಲಿ ಫ್ರಾನ್ಸಿನ ಜಾಕ್ ಕ್ಯೂರಿ ಮತ್ತು ಪಿಯರ್ ಕ್ಯೂರಿ ಸಹೋದರರು ತೋರಿಸಿಕೊಟ್ಟಿದ್ದರು. ಪೀಜೋ ಪರಿಣಾಮವೆಂದು ಹೆಸರಾದ ಈ ಗುಣವುಳ್ಳ ಹರಳುಗಳನ್ನು, ತಂತಿಗಳನ್ನು ಹೊತ್ತು ನಿಲ್ಲುವ ಸ್ಯಾಡಲ್ ಎಂಬ ತೆಳು ಪಟ್ಟಿಯ ಕೆಳಗೆ ಇರಿಸಿದರೆ, ತಂತಿಯ ಒತ್ತಡ ಮತ್ತು ಹಲಗೆಯ ನಡುಕ ಎರಡೂ ಸೇರಿ ಸಂಕೇತವಾಗುತ್ತವೆ. ಇದನ್ನು ವ್ಯಾಪಕವಾಗಿ ಬಳಕೆಗೆ ತಂದ ಶ್ರೇಯಸ್ಸಿನ ದೊಡ್ಡ ಪಾಲು ಹೆಲಿಕಾಪ್ಟರ್ ತಯಾರಕರೊಬ್ಬರಿಗೆ ಸಲ್ಲುತ್ತದೆ. 1945ರಲ್ಲಿ ವಿಮಾನ ಕಂಪನಿಯನ್ನು ಕಟ್ಟಿದ್ದ, ಸ್ವತಃ ಗಿಟಾರ್ ನುಡಿಸುತ್ತಿದ್ದ ಚಾರ್ಲ್ಸ್ ಕಾಮನ್ ಅವರು 1960ರ ದಶಕದ ನಡುವೆ ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ಓವೇಶನ್ ಗಿಟಾರುಗಳ ತಯಾರಿಕೆಯನ್ನು ಆರಂಭಿಸಿದರು. ಬೋಗುಣಿಯಂತೆ ದುಂಡಗಿನ ಕೃತಕ ಬೆನ್ನಿನ ಈ ವಾದ್ಯಗಳಿಗೆ ಆ ದಶಕ ಮುಗಿಯುವ ಹೊತ್ತಿಗೆ ಸ್ಯಾಡಲಿನಡಿಯ ಪೀಜೋ ಪಿಕಪ್ ಕೂಡಿಕೊಂಡಿತು. ಗಾಯಕ ಗ್ಲೆನ್ ಕ್ಯಾಂಬೆಲ್ ಅವರು 1969ರಲ್ಲಿ ಆರಂಭವಾದ ತಮ್ಮ ಟೆಲಿವಿಷನ್ ಕಾರ್ಯಕ್ರಮದಲ್ಲಿ ಓವೇಶನ್ ಹಿಡಿದು ಹಾಡಿದ್ದರಿಂದ ಮೈಕಿನ ಮುಂದೆ ಕದಲದೆ ಕೂರಬೇಕಿಲ್ಲದ ಗಿಟಾರ್ ವಾದಕನ ರೂಪ ಅಮೆರಿಕದ ಮನೆಮನೆಗೂ ಪರಿಚಿತವಾಯಿತು.

ಬ್ಯಾಟರಿ ಬಂದದ್ದು ಈ ಪೀಜೋದ ಬೆನ್ನಿಗೇ. ಹರಳು ಹುಟ್ಟಿಸುವ ಸಂಕೇತದ ಹಿಂದೆ ಇರುವ ವಿದ್ಯುತ್ ಪ್ರವಾಹ ಅತ್ಯಲ್ಪ. ತಾಂತ್ರಿಕವಾಗಿ ಹೇಳುವುದಾದರೆ ಅದರ ಪ್ರತಿಬಾಧೆ, ಅಂದರೆ ಪರ್ಯಾಯ ವಿದ್ಯುತ್ತಿಗೆ ಅದು ಒಡ್ಡುವ ತಡೆ, ಬಹಳ ಹೆಚ್ಚು. ಅಂಥ ಸಂಕೇತವನ್ನು ನೇರವಾಗಿ ಸಾಮಾನ್ಯ ಆಂಪ್ಲಿಫೈಯರಿಗೆ ಕೊಟ್ಟರೆ ಮಂದ್ರದ ಸ್ವರಗಳು ಸೋರಿಹೋಗಿ ತೆಳುವಾದ, ಕಿವಿಗೆ ಚುಚ್ಚುವ ದನಿಯಷ್ಟೇ ಉಳಿಯುತ್ತದೆ. ಆದ್ದರಿಂದ ಪಿಕಪ್ಪಿನ ಪಕ್ಕದಲ್ಲೇ ಪ್ರಿಆಂಪ್, ಅಂದರೆ ದುರ್ಬಲ ಸಂಕೇತಕ್ಕೆ ಬಲ ತುಂಬಿ ಕೇಬಲ್ಲಿಗೆ ಒಪ್ಪಿಸುವ ಸಣ್ಣ ವಿದ್ಯುತ್ ಮಂಡಲ, ಇರಬೇಕಾಯಿತು. ನಿರ್ವಾತ ಕೊಳವೆಗಳ ಕಾಲದಲ್ಲಿ ಇದನ್ನು ಗಿಟಾರಿನೊಳಗೆ ಕೂಡಿಸುವುದು ಕನಸಿನ ಮಾತಾಗಿತ್ತು. ಫೀಲ್ಡ್ ಇಫೆಕ್ಟ್ ಟ್ರಾನ್ಸಿಸ್ಟರ್ ಕೈಗೆ ಬಂದ ಮೇಲೆ ಒಂದೆರಡು ಮಿಲಿಆಂಪಿಯರಿನಷ್ಟು ವಿದ್ಯುತ್ತಿನಲ್ಲೇ ಆ ಕೆಲಸ ಸಾಗಿತು. ಬೇಕಾದ ವಿದ್ಯುತ್ತನ್ನು ಕೊಡಬಲ್ಲ ಒಂಬತ್ತು ವೋಲ್ಟಿನ ಚಪ್ಪಟೆ ಬ್ಯಾಟರಿ 1956ರಷ್ಟು ಹಿಂದೆಯೇ ಟ್ರಾನ್ಸಿಸ್ಟರ್ ರೇಡಿಯೋಗಳಿಗಾಗಿ ಸಿದ್ಧವಾಗಿತ್ತು. ಒಂದೂವರೆ ವೋಲ್ಟಿನ ಆರು ಪುಟ್ಟ ಕೋಶಗಳನ್ನು ಒಂದರೊಡನೊಂದು ಜೋಡಿಸಿದ, ಸುಮಾರು 48 ಮಿಲಿಮೀಟರ್ ಎತ್ತರದ ಆ ಪೆಟ್ಟಿಗೆಯ ತಲೆಯ ಮೇಲಿನ ಎರಡು ಒತ್ತುಗುಂಡಿಗಳಲ್ಲಿ ಚಿಕ್ಕದು ಧನ, ದೊಡ್ಡದು ಋಣ. ರೇಡಿಯೋಕ್ಕೆಂದು ಹುಟ್ಟಿದ ವಸ್ತುವೇ ಸಂಗೀತ ವಾದ್ಯದ ಆಕಾರವನ್ನೂ ಅದರ ಆರೈಕೆಯ ರೀತಿಯನ್ನೂ ಮುಂದೆ ನಿರ್ಧರಿಸಿತು.

ಇಂಜಿನಿಯರುಗಳು ವಾದ್ಯದೊಳಗೆ ಕೈಹಾಕಿದ್ದು ಅಮೆರಿಕದಲ್ಲಷ್ಟೇ ಅಲ್ಲ. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯಲ್ಲಿ ಕೆಲಸ ಮಾಡಿದ್ದ ಕೊಳಲು ವಾದಕ ಜಿ. ರಾಜನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ್ದು ಇದೇ ಪೀಳಿಗೆಯ ಇನ್ನೊಂದು ಸಾಧನೆ. ವಿಮಾನದ ಲೋಕದಿಂದ ಬಂದ ಇಬ್ಬರು ವಾದಕರು ಎರಡು ಖಂಡಗಳಲ್ಲಿ ತಂತಿವಾದ್ಯದ ನಾದದೊಂದಿಗೆ ವಿದ್ಯುತ್ತಿನ ನಂಟು ಬೆಸೆದದ್ದು ಸಂಗೀತದ ಇತಿಹಾಸಕಾರರ ಗಮನಕ್ಕೆ ಅರ್ಹವಾದ ಸಂಗತಿ.

ಬ್ಯಾಟರಿಯನ್ನು ಎಲ್ಲಿಡಬೇಕೆಂಬುದು ಆರಂಭದಲ್ಲಿ ಯಾರೂ ಹೆಚ್ಚು ಯೋಚಿಸದ ಪ್ರಶ್ನೆಯಾಗಿದ್ದು, ಅದನ್ನು ಗಿಟಾರಿನ ಒಳಗೇ ಅಡಗಿಸುವ ವಾಡಿಕೆ ಬಹುಕಾಲ ನಡೆಯಿತು. ಕತ್ತಿನ ಬುಡದ ಮರದ ದಿಮ್ಮಿಗೆ ಅಂಟಿಸಿದ ವೆಲ್ಕ್ರೋ ಚೀಲದಲ್ಲೋ ಲೋಹದ ಹಿಡಿಕೆಯಲ್ಲೋ ಅದು ಕುಳಿತಿರುತ್ತಿತ್ತು. ಅದನ್ನು ಬದಲಿಸಬೇಕಾದವನು ತಂತಿಗಳನ್ನು ಸಡಿಲಿಸಿ, ಅವುಗಳ ನಡುವೆ ಬೆರಳು ತೂರಿಸಿ, ಸುಮಾರು ನೂರು ಮಿಲಿಮೀಟರ್ ಅಗಲದ ದುಂಡು ರಂಧ್ರದೊಳಕ್ಕೆ ಮುಂಗೈಯನ್ನು ತುರುಕಿ, ಕಣ್ಣಿಗೆ ಕಾಣದ ಗುಂಡಿಗಳನ್ನು ಸ್ಪರ್ಶದಿಂದಲೇ ಗುರುತಿಸಿ ಕಳಚಬೇಕಿತ್ತು. ಜೋರಾಗಿ ಎಳೆದರೆ ಕೂದಲೆಳೆಯಂಥ ತಂತು ಬೆಸುಗೆಯಿಂದ ಕಿತ್ತು ಬರುತ್ತಿತ್ತು, ಕೈಜಾರಿದರೆ ಬ್ಯಾಟರಿ ಒಳಹಲಗೆಗೆ ಬಡಿದು ಕಲೆ ಮಾಡುತ್ತಿತ್ತು. ಕೆಲಸ ಮುಗಿದ ಮೇಲೆ ಶ್ರುತಿಯನ್ನು ಮತ್ತೆ ಕೂಡಿಸಬೇಕು. ಎರಡು ಹಾಡುಗಳ ನಡುವಿನ ಬಿಡುವಿನಲ್ಲಿ ಇದು ಆಗುವ ಮಾತಾಗಿರಲಿಲ್ಲ. ಆದಕಾರಣ ದೊಡ್ಡ ಕಛೇರಿಗೆ ಮುನ್ನ ಹಳೆಯದು ಇನ್ನೂ ಚೆನ್ನಾಗಿದ್ದರೂ ಹೊಸ ಬ್ಯಾಟರಿ ಹಾಕಿಕೊಳ್ಳುವ ಪದ್ಧತಿ ವೃತ್ತಿಪರ ವಾದಕರಲ್ಲಿ ಬೇರೂರಿತು.

ಬ್ಯಾಟರಿ ಸುಮ್ಮನೆ ಸವೆಯದಂತೆ ತಡೆಯಲು ಹೂಡಿದ ಉಪಾಯ ಈ ಇಡೀ ಕಥೆಯಲ್ಲೇ ಅತ್ಯಂತ ಜಾಣತನದ್ದು. ಗಿಟಾರಿನ ಬುಡದಲ್ಲಿ ಕೇಬಲ್ ಸಿಕ್ಕಿಸುವ ಜ್ಯಾಕಿಗೆ ತುದಿ, ಉಂಗುರ, ತೋಳು ಎಂಬ ಮೂರು ಸಂಪರ್ಕಗಳನ್ನು ಕೊಟ್ಟು, ಬ್ಯಾಟರಿಯ ಋಣತುದಿಯನ್ನು ಉಂಗುರಕ್ಕೆ ಕೂಡಿಸಲಾಗುತ್ತದೆ. ಎರಡೇ ಸಂಪರ್ಕಗಳಿರುವ ಸಾಮಾನ್ಯ ಕೇಬಲ್ಲಿನ ಪ್ಲಗ್ ಒಳಹೊಕ್ಕಾಗ ಅದರ ಉದ್ದನೆಯ ತೋಳು ಉಂಗುರವನ್ನೂ ನೆಲತಂತುವನ್ನೂ ಒಂದುಗೂಡಿಸಿ ಮಂಡಲವನ್ನು ಪೂರ್ಣಗೊಳಿಸುತ್ತದೆ. ಪ್ರತ್ಯೇಕ ಸ್ವಿಚ್ ಬೇಡ, ಕೇಬಲ್ಲೇ ಸ್ವಿಚ್ಚು. ಇದರ ಫಲವಾಗಿ ವಾದ್ಯದ ಆರೈಕೆಗೆ ಹೊಸ ನಿಯಮವೊಂದು ಸೇರಿಕೊಂಡಿತು: ನುಡಿಸುವುದು ಮುಗಿದ ಕೂಡಲೇ ಕೇಬಲ್ ಕೀಳಬೇಕು, ಇಲ್ಲವಾದರೆ ಗಿಟಾರ್ ಗೋಡೆಗೆ ಒರಗಿ ನಿಂತಿದ್ದರೂ ಬ್ಯಾಟರಿ ರಾತ್ರಿಯೆಲ್ಲ ಖರ್ಚಾಗುತ್ತಲೇ ಇರುತ್ತದೆ.

ಬ್ಯಾಟರಿ ಮುಗಿಯುತ್ತ ಬಂದುದನ್ನು ಅರಿಯುವ ಬಗೆಗಳೂ ಕಾಲದಿಂದ ಕಾಲಕ್ಕೆ ಬೆಳೆದವು. ಎರಡು ಗುಂಡಿಗಳಿಗೂ ನಾಲಗೆ ತಾಗಿಸಿ ಜುಮ್ಮೆನ್ನುವುದನ್ನು ನೋಡುವುದು ಹಳೆಯ ರೂಢಿ. ಅದರಿಂದ ಬ್ಯಾಟರಿ ಜೀವಂತವಾಗಿದೆಯೆಂಬುದಷ್ಟೇ ತಿಳಿಯುತ್ತದೆ, ಇನ್ನೆಷ್ಟು ಹೊತ್ತು ಬಾಳೀತೆಂಬುದು ತಿಳಿಯದು. ಮಲ್ಟಿಮೀಟರಿನಲ್ಲಿ ಅಳೆದರೆ ಹೊಸ ಆಲ್ಕಲೈನ್ ಬ್ಯಾಟರಿ ಒಂಬತ್ತು ವೋಲ್ಟಿಗಿಂತ ತುಸು ಹೆಚ್ಚನ್ನೇ ತೋರಿಸುತ್ತದೆ, ಏಳರ ಸಮೀಪಕ್ಕೆ ಇಳಿದದ್ದನ್ನು ನಂಬುವಂತಿಲ್ಲ. ಆದರೆ ಪಳಗಿದ ಕಿವಿ ಮೀಟರಿಗಿಂತ ಮೊದಲೇ ಎಚ್ಚರಿಸುತ್ತದೆ. ವೋಲ್ಟೇಜ್ ಕುಸಿದಂತೆ ಪ್ರಿಆಂಪ್ ಹೊರಗೆ ಕೊಡಬಲ್ಲ ಅಲೆಯ ಗರಿಷ್ಠ ಎತ್ತರವೂ ಕುಸಿಯುವುದರಿಂದ, ಮೆಲ್ಲನೆ ಮೀಟಿದ ಸ್ವರ ಶುದ್ಧವಾಗಿಯೇ ಕೇಳಿಸಿ, ಆರೂ ತಂತಿಗಳನ್ನು ಒಮ್ಮೆಗೇ ಬಲವಾಗಿ ಬಾರಿಸಿದಾಗ ಅಲೆಯ ನೆತ್ತಿ ಕತ್ತರಿಸಿಹೋಗಿ ದನಿ ಒಡೆಯುತ್ತದೆ. ಪ್ರಿಆಂಪಿನ ಮುಖದ ಮೇಲೆ ಹೊತ್ತಿಕೊಳ್ಳುವ ಪುಟ್ಟ ಕೆಂಪು ದೀಪ ಈ ಸೂಚನೆಯನ್ನು ಹೊಸಬರಿಗೂ ಎಟುಕಿಸಿತು.

ಜಪಾನಿನ ತಾಕಾಮಿನೆ ಕಂಪನಿ 1970ರ ದಶಕದ ಕೊನೆಯಲ್ಲಿ ತನ್ನದೇ ಪೀಜೋ ಪಿಕಪ್ಪಿನೊಂದಿಗೆ ಈ ಕ್ಷೇತ್ರಕ್ಕೆ ಕಾಲಿಟ್ಟಿತು. 1989ರಲ್ಲಿ ಎಂಟಿವಿ ವಾಹಿನಿಯ ಅನ್‌ಪ್ಲಗ್ಡ್ ಸರಣಿ ಆರಂಭವಾದ ನಂತರ ಇಂಥ ಗಿಟಾರುಗಳಿಗೆ ಬೇಡಿಕೆ ಏರಿತು. ಬ್ಯಾಟರಿ ಒಳಗಿನಿಂದ ಹೊರಗೆ ಬಂದದ್ದು ಹೆಚ್ಚಾಗಿ ಈ ದಶಕಗಳಲ್ಲೇ: ಗಿಟಾರಿನ ಪಕ್ಕೆಯನ್ನು ಚೌಕವಾಗಿ ಕತ್ತರಿಸಿ, ಗುಂಡಿ ಒತ್ತಿದರೆ ಜಾರಿ ಬರುವ ಬ್ಯಾಟರಿ ಗೂಡನ್ನು ಪ್ರಿಆಂಪಿನೊಡನೆ ಕೂಡಿಸುವ ಕ್ರಮ ರೂಢಿಯಾಯಿತು. ನೂರಾರು ಗಂಟೆಗಳಿಗೊಮ್ಮೆ ಮಾಡುವ ಒಂದು ನಿಮಿಷದ ಕೆಲಸಕ್ಕಾಗಿ ಬೀಟೆ ಮರದ ಪಕ್ಕೆಯಲ್ಲಿ ಎಂದೂ ಮುಚ್ಚಲಾಗದ ತೂತು ಕೊರೆಯುವುದು ಕುಶಲ ಕರ್ಮಿಗಳಿಗೆ ನೋವಿನ ಸಂಗತಿಯಾಗಿತ್ತು, ಆ ನೋವು ನ್ಯಾಯವಾದದ್ದೇ ಆಗಿತ್ತು. ಮರ ಬಾಳುವಷ್ಟು ಕಾಲ ಯಾವ ಪ್ರಿಆಂಪೂ ಬಾಳುವುದಿಲ್ಲ. ಅದು ಕೆಟ್ಟು, ಅದೇ ಅಳತೆಯ ಇನ್ನೊಂದು ದೊರೆಯದೆ ಹೋದರೆ ಉಳಿಯುವುದು ತೂತು ಮಾತ್ರ.

ಇದಕ್ಕೆ ಪರಿಹಾರವಾಗಿ ಕೆಲವರು ಬ್ಯಾಟರಿ ಗೂಡನ್ನು ಹೆಗಲಪಟ್ಟಿ ಸಿಕ್ಕಿಸುವ ಬುಡದ ತುದಿಗೆ, ಜ್ಯಾಕಿನ ಪಕ್ಕಕ್ಕೆ, ಒಯ್ದರು. 2003ರಲ್ಲಿ ಟೇಲರ್ ಕಂಪನಿ ಧ್ವನಿ ಇಂಜಿನಿಯರ್ ರೂಪರ್ಟ್ ನೀವ್ ಅವರ ನೆರವಿನಿಂದ ರೂಪಿಸಿದ ವ್ಯವಸ್ಥೆ ಪಕ್ಕೆಯ ದೊಡ್ಡ ಫಲಕವನ್ನು ಕೈಬಿಟ್ಟು, ಮೂರು ಪುಟ್ಟ ತಿರುಗುಗುಂಡಿಗಳನ್ನಷ್ಟೇ ಹೊರಗೆ ಉಳಿಸಿಕೊಂಡಿತು. ಬ್ಯಾಟರಿಯೇ ಬೇಡದ ಪೀಜೋ ಬಿಲ್ಲೆಗಳನ್ನು, ಸ್ಯಾಡಲನ್ನು ಹೊತ್ತ ಬ್ರಿಡ್ಜ್ ಎಂಬ ಮರದ ತುಂಡಿನ ಅಡಿಯ ಒಳಮೈಗೆ ಅಂಟಿಸಿ, ಪ್ರಿಆಂಪನ್ನು ವೇದಿಕೆಯ ನೆಲದ ಮೇಲೇ ಇರಿಸಿಕೊಳ್ಳುವ ಇನ್ನೊಂದು ಮಾರ್ಗವೂ ನೆಲೆಗೊಂಡಿದೆ. ಬೆಲೆಬಾಳುವ ಹಳೆಯ ಗಿಟಾರಿಗೆ ಪಿಕಪ್ ಹಾಕಿಸುವವರಿಗೆ ಈ ಮಾರ್ಗವೇ ಮೇಲು: ಪಕ್ಕೆಗೆ ಗರಗಸ ತಾಗುವುದಿಲ್ಲ, ವರ್ಷಗಟ್ಟಲೆ ಮರೆತ ಬ್ಯಾಟರಿಯಿಂದ ಒಸರುವ ಕ್ಷಾರ ಒಳಮೈಯನ್ನು ತಿನ್ನುವ ಭಯವೂ ಇರುವುದಿಲ್ಲ.